ಶಾಸನವಿಲ್ಲದ ಹಳ್ಳಿಯ ಇಗರ್ಜಿ: ಅದರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಫ್ರಾನ್ಸಿನ ನಡುಭಾಗದ ಬೆರ್ರಿ ಸೀಮೆಯಲ್ಲಿ, ಲಾ ಶಾತ್ರ್ ಪಟ್ಟಣಕ್ಕೆ ಹತ್ತಿರದ ಹಳ್ಳಿಯೊಂದರಲ್ಲಿ, ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ಊರ ನಡುವೆ ಸಂತ ಮಾರ್ಟಿನರ ಹೆಸರಿನ ಸಣ್ಣ ಕಲ್ಲಿನ ಇಗರ್ಜಿಯಿದೆ. ಅದರ ಪೂರ್ವದ ತುದಿ ಅರ್ಧವೃತ್ತವಾಗಿ ಬಾಗಿದೆ. ಬಾಗಿಲ ಮುಂದೆ ಮರದ ಕಂಬಗಳ ಮೊಗಸಾಲೆ, ಬಾಗಿಲ ಮೇಲೆ 1862 ಎಂಬ ಇಸವಿ, ಹೊರಗೋಡೆಯಲ್ಲಿ ಅಲ್ಲಲ್ಲಿ ಮಾಸಿದ ಕಪ್ಪು ಪಟ್ಟಿ. ಬಲಿಪೂಜೆ ನಡೆಯುವುದು ವರ್ಷಕ್ಕೆ ಕೆಲವೇ ಸಲ. ಊರವರು ‘ತುಂಬ ಹಳೆಯದು’ ಎನ್ನುತ್ತಾರೆ, ಆದರೆ ಅಂತರ್ಜಾಲದಲ್ಲಿ ಎರಡು ಸಾಲಿಗಿಂತ ಹೆಚ್ಚು ಸಿಗಲಿಲ್ಲ. ಎಷ್ಟು ಹುಡುಕಿದರೂ ಒಂದು ಶಾಸನ ಕಾಣಲಿಲ್ಲ. ಇಂಥ ಕಟ್ಟಡದ ಚರಿತ್ರೆ ತಿಳಿಯಲು ದಾರಿಯಿದೆಯೇ? ಮುಂದಿನ ಬೇಸಗೆಯಲ್ಲಿ ಮತ್ತೆ ಹೋಗುವವಳಿದ್ದೇನೆ.

ಉತ್ತರ: ದಾರಿ ಖಂಡಿತ ಇದೆ. ಮೊದಲು ಒಂದು ಮಾತು: ಬಾಗಿಲ ಮೇಲಿನ 1862 ಆ ಬಾಗಿಲಿನ ವಯಸ್ಸನ್ನು ಹೇಳುತ್ತದೆಯೇ ಹೊರತು ಇಗರ್ಜಿಯ ವಯಸ್ಸನ್ನಲ್ಲ. ನೀವು ವರ್ಣಿಸಿದ ಅರ್ಧವೃತ್ತದ ಪೂರ್ವತುದಿ, ಆ ಸೀಮೆಯ ಕಟ್ಟಡಗಳ ರೂಢಿಯನ್ನು ನೋಡಿದರೆ, 1862ಕ್ಕಿಂತ ಆರೇಳು ನೂರು ವರ್ಷ ಹಿಂದಿನದಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಖಚಿತಪಡಿಸಿಕೊಳ್ಳುವ ಬಗೆಯನ್ನು ಮುಂದೆ ಹೇಳುತ್ತೇನೆ.

ನಿಮಗೆ ಮಾಹಿತಿ ಸಿಗದಿರುವುದಕ್ಕೆ ಕಾರಣ ಬರಹವೇ ಇಲ್ಲದಿರುವುದಲ್ಲ, ನೀವು ಇಗರ್ಜಿಯ ಹೆಸರಿನಲ್ಲಿ ಹುಡುಕಿರುವುದು. ಫ್ರಾನ್ಸಿನ ಹಳ್ಳಿಯ ಇಗರ್ಜಿಗಳ ಕುರಿತ ಕಾಗದಪತ್ರಗಳು ಇಗರ್ಜಿಯ ಹೆಸರಿನಲ್ಲಿ ಕಟ್ಟಿಟ್ಟಿರುವುದು ಅಪರೂಪ. ಅದರ ಗೋಡೆಗೆ, ಮಾಡಿಗೆ, ಘಂಟೆಗೆ ಯಾರು ಹಣ ಕೊಟ್ಟರೋ ಅವರ ಲೆಕ್ಕದ ನಡುವೆ ಅವು ಸೇರಿಕೊಂಡಿರುತ್ತವೆ. ಆದ್ದರಿಂದ ‘ಇದನ್ನು ಯಾವಾಗ ಕಟ್ಟಿದರು’ ಎಂದು ಕೇಳುವ ಮೊದಲು ‘ಇದರ ಖರ್ಚನ್ನು ಯಾವ ಕಾಲದಲ್ಲಿ ಯಾರು ಹೊತ್ತರು’ ಎಂದು ಕೇಳಬೇಕು. ಈ ಒಂದು ಪ್ರಶ್ನೆಯನ್ನು ಹಿಡಿದು ನಡೆದರೆ ಕಲ್ಲೂ ಕಾಗದವೂ ಒಂದನ್ನೊಂದು ವಿವರಿಸತೊಡಗುತ್ತವೆ.

ಶಾಸನ ಕಾಣಲಿಲ್ಲವೆಂಬ ನಿಮ್ಮ ನಿರಾಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕನ್ನಡ ನಾಡಿನಲ್ಲಿ ಹಳೆಯ ಗುಡಿಯೊಂದಕ್ಕೆ ಹೋದರೆ ಅಂಗಳದ ಕಲ್ಲಿನಲ್ಲಿಯೋ ಗೋಡೆಯ ಬದಿಯಲ್ಲಿಯೋ ದಾನ ಕೊಟ್ಟವನ ಹೆಸರು, ಬಿಟ್ಟ ಭೂಮಿಯ ಎಲ್ಲೆ, ಶಕವರ್ಷ, ತಿಥಿ, ವಾರ ಎಲ್ಲವೂ ಸಿಗುತ್ತವೆ ಎಂಬ ನಿರೀಕ್ಷೆ ನಮ್ಮಲ್ಲಿ ಬೇರೂರಿದೆ. ದಾನವನ್ನು ಊರೆಲ್ಲ ಕಾಣುವಂತೆ ಕಲ್ಲಿನಲ್ಲಿ ಕೊರೆಸುವುದು ನಮ್ಮಲ್ಲಿದ್ದ ಪದ್ಧತಿ. ಮಧ್ಯಯುಗದ ಫ್ರಾನ್ಸಿನಲ್ಲಿ ಅದೇ ದಾನವನ್ನು ಚರ್ಮಪತ್ರದ ಮೇಲೆ ಬರೆದು, ದಾನ ಪಡೆದ ಮಠದ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ಹಳ್ಳಿಯ ಇಗರ್ಜಿಯಲ್ಲಿ ಕಟ್ಟಿದ ವರ್ಷವನ್ನು ಹೇಳುವ ಬರಹ ಸಿಗುವುದು ವಿರಳ. ಮಠಗಳು ಇಂಥ ಪತ್ರಗಳನ್ನೆಲ್ಲ ಒಂದು ಪುಸ್ತಕಕ್ಕೆ ನಕಲು ಮಾಡಿಸಿಡುತ್ತಿದ್ದವು, ಅದನ್ನು ‘ಕಾರ್ತ್ಯುಲೇರ್’ ಎನ್ನುತ್ತಾರೆ. ಎಷ್ಟೋ ಹಳ್ಳಿಗಳ ಇಗರ್ಜಿಯ ಮೊದಲ ಉಲ್ಲೇಖ ಬರುವುದು ಅಂಥ ಪುಸ್ತಕದಲ್ಲಿ, ಯಾವನೋ ಒಬ್ಬ ಒಡೆಯ ‘ಇಂಥ ಊರಿನ ಇಗರ್ಜಿಯನ್ನೂ ಅದರ ದಶಾಂಶವನ್ನೂ’ ಮಠಕ್ಕೆ ಬಿಟ್ಟುಕೊಟ್ಟನೆಂಬ ಒಂದು ವಾಕ್ಯದಲ್ಲಿ. ಅದು ದಾನದ ವರ್ಷವಾಗುತ್ತದೆ, ಕಟ್ಟಡದ ವರ್ಷವಲ್ಲ ಎಂಬುದನ್ನು ಮರೆಯಬಾರದು. ದಾನ ಕೊಡುವಾಗ ಅಲ್ಲಿದ್ದ ಕಟ್ಟಡವನ್ನು ಮಠದವರು ಮುಂದೆ ಕೆಡವಿ ಹೊಸದನ್ನು ಕಟ್ಟಿಸಿರಬಹುದು.

ದಶಾಂಶದ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಇಗರ್ಜಿಯ ರೂಪಕ್ಕೂ ಅದಕ್ಕೂ ನೇರ ಸಂಬಂಧವಿದೆ. ಹಳ್ಳಿಯ ಬೆಳೆಯಲ್ಲಿ ಧರ್ಮದ ಪಾಲೆಂದು ತೆಗೆಯುತ್ತಿದ್ದ ದಶಾಂಶ ಬಹಳ ಕಡೆ ಊರ ಪಾದ್ರಿಯ ಕೈಗೆ ಸೇರುತ್ತಿರಲಿಲ್ಲ. ದೂರದ ಮಠಕ್ಕೋ, ಬಿಷಪ್ಪರ ಪ್ರಧಾನ ಇಗರ್ಜಿಯ ಧರ್ಮಮಂಡಳಿಗೋ, ಕೆಲವೊಮ್ಮೆ ಒಬ್ಬ ಶ್ರೀಮಂತ ಒಡೆಯನಿಗೋ ಅದು ಹೋಗುತ್ತಿತ್ತು. ದಶಾಂಶ ಪಡೆದವರು ಬಲಿಪೀಠವಿರುವ ಪೂರ್ವದ ಭಾಗವನ್ನು ಸುಸ್ಥಿತಿಯಲ್ಲಿಡಬೇಕು, ಜನ ನಿಲ್ಲುವ ಸಭಾಭಾಗವನ್ನೂ ಸ್ಮಶಾನದ ಸುತ್ತುಗೋಡೆಯನ್ನೂ ಪಾದ್ರಿಯ ಮನೆಯನ್ನೂ ಊರವರು ನೋಡಿಕೊಳ್ಳಬೇಕು ಎಂಬ ಹಳೆಯ ರೂಢಿಯನ್ನು 1695ರ ಏಪ್ರಿಲಿನ ರಾಜಶಾಸನ ಇಡೀ ರಾಜ್ಯಕ್ಕೆ ಕಟ್ಟಳೆಯಾಗಿ ವಿಧಿಸಿತು. ಒಂದೇ ಕಟ್ಟಡಕ್ಕೆ ಇಬ್ಬರು ಹೊಣೆಗಾರರು, ಇಬ್ಬರ ಕೈಯೂ ಒಂದೇ ಸಮ ಬಿಚ್ಚುತ್ತಿರಲಿಲ್ಲ. ಆದ್ದರಿಂದಲೇ ಫ್ರಾನ್ಸಿನ ಹಳ್ಳಿಗಳಲ್ಲಿ ಬಲಿಪೀಠದ ಭಾಗ 12ನೆಯ ಶತಮಾನದ್ದಾಗಿದ್ದು ಸಭಾಭಾಗ ಬಹಳ ಈಚಿನದಾಗಿರುವುದು, ಅಥವಾ ಇದಕ್ಕೆ ವಿರುದ್ಧವಾಗಿರುವುದು, ಪದೇ ಪದೇ ಕಾಣುತ್ತದೆ. ಮುಂದಿನ ಸಲ ಒಳಗೆ ಹೋದಾಗ ಈ ಎರಡು ಭಾಗಗಳು ಕೂಡುವ ಕಮಾನಿನ ಬಳಿ ನಿಂತು ನೋಡಿ. ಎರಡೂ ಬದಿಯ ಗೋಡೆ ಒಂದೇ ದಪ್ಪವಿದೆಯೇ, ಕಲ್ಲಿನ ಸಾಲುಗಳು ಒಂದರೊಳಗೊಂದು ಹೊಕ್ಕಿವೆಯೇ ಅಥವಾ ನೇರವಾದ ಗೆರೆಯಲ್ಲಿ ಕಡಿದು ನಿಂತಿವೆಯೇ ಎಂಬುದನ್ನು ಗಮನಿಸಿ. ನೇರ ಗೆರೆ ಕಂಡರೆ ಅಲ್ಲಿ ಎರಡು ಕಾಲ, ಎರಡು ಥೈಲಿ ಕೂಡಿವೆ ಎಂದು ಮೊದಲ ಊಹೆ ಮಾಡಬಹುದು.

ಇನ್ನು ಗೋಡೆಯನ್ನು ಓದುವುದು. ಹೊರಗಡೆ ಪೂರ್ವತುದಿಯಿಂದ ಆರಂಭಿಸಿ, ಏಕೆಂದರೆ ಹಳೆಯ ಭಾಗ ಉಳಿದಿರುವ ಸಂಭವ ಅಲ್ಲಿಯೇ ಹೆಚ್ಚು. ಒರಟು ಸಣ್ಣ ಕಲ್ಲುಗಳನ್ನು ದಪ್ಪ ಗಾರೆಯಲ್ಲಿ ಕೂಡಿಸಿದ ಗೋಡೆ, ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿರುವ ಒತ್ತುಗಂಬಗಳು, ಹೊರಗೆ ಕೈಯಗಲವಿದ್ದು ಒಳಗೆ ಅಗಲವಾಗಿ ತೆರೆದುಕೊಳ್ಳುವ ಕಿರಿದಾದ ದುಂಡುಕಮಾನಿನ ಕಿಟಕಿಗಳು, ಸೂರಿನ ಕೆಳಗೆ ಮುಖಗಳನ್ನೋ ಪ್ರಾಣಿಗಳನ್ನೋ ಕೆತ್ತಿದ ಚಾಚುಗಲ್ಲುಗಳು: ಇವು ಒಟ್ಟಿಗೆ ಸಿಕ್ಕರೆ 11 ಅಥವಾ 12ನೆಯ ಶತಮಾನದ ರೊಮಾನೆಸ್ಕ್ ಶೈಲಿಯ ಕೆಲಸವೆಂದು ಹೇಳಲು ಧೈರ್ಯ ಬರುತ್ತದೆ. ಒತ್ತುಗಂಬಗಳು ಗೋಡೆಯಿಂದ ಬಹಳ ಮುಂದೆ ಚಾಚಿ ಮೆಟ್ಟಿಲಿನಂತೆ ಇಳಿದಿದ್ದರೆ, ಕಮಾನು ಮೊನಚಾಗಿದ್ದರೆ, ಅದು ರೊಮಾನೆಸ್ಕಿನ ನಂತರ ಬಂದ ಗೋಥಿಕ್ ಶೈಲಿಯ ಕಾಲದ ಸೇರ್ಪಡೆ. ಇಂಗ್ಲೆಂಡಿನೊಂದಿಗಿನ ನೂರು ವರ್ಷಗಳ ಯುದ್ಧ 1453ರಲ್ಲಿ ಮುಗಿದ ಮೇಲೆ ಹಳ್ಳಿಗಳು ಚೇತರಿಸಿಕೊಂಡಾಗ ಪಕ್ಕದಲ್ಲಿ ಒಂದು ಸಣ್ಣ ಪ್ರಾರ್ಥನಾಕೋಣೆ ಕಟ್ಟಿಸಿದ ಒಡೆಯರು ಅನೇಕರು. ಅದರ ಕಮಾನುಗಳು ಕೂಡುವ ನೆತ್ತಿಗಲ್ಲಿನಲ್ಲಿ ಮನೆತನದ ಲಾಂಛನವಾದ ಗುರಾಣಿಯನ್ನು ಕೆತ್ತಿದ್ದರೆ ಹಣ ಕೊಟ್ಟ ಮನೆತನ ಯಾವುದೆಂದು ಅದರಿಂದಲೇ ಪತ್ತೆ ಹಚ್ಚಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. 19ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಸಾವಿರಾರು ಹಳ್ಳಿಯ ಇಗರ್ಜಿಗಳನ್ನು ಮರಳಿ ಕಟ್ಟಿದರು ಅಥವಾ ದೊಡ್ಡದು ಮಾಡಿದರು, ಹಾಗೆ ಮಾಡುವಾಗ ಮಧ್ಯಯುಗದ ರೂಪವನ್ನೇ ಅನುಸರಿಸಿದರು. ಆದ್ದರಿಂದ ದುಂಡುಕಮಾನನ್ನು ಕಂಡೊಡನೆ 12ನೆಯ ಶತಮಾನ ಎನ್ನಲಾಗದು. ಆಕಾರಕ್ಕಿಂತ ಉಳಿಯ ಗುರುತು ಹೆಚ್ಚು ನಂಬಿಗಸ್ತ. ಹಳೆಯ ಕಲ್ಲುಕುಟಿಗರು ಅಗಲ ಬಾಯಿಯ ಕೊಡಲಿಯಂಥ ಹತ್ಯಾರದಿಂದ ಕಲ್ಲಿನ ಮುಖವನ್ನು ಸಮ ಮಾಡುತ್ತಿದ್ದುದರಿಂದ ಓರೆಯಾದ ಗೆರೆಗಳು ಉಳಿಯುತ್ತವೆ. ಹಲ್ಲಿರುವ ಉಳಿಯ ಗುರುತುಗಳು ಸುಮಾರಾಗಿ 13ನೆಯ ಶತಮಾನದಿಂದೀಚೆಗೆ ಸಾಮಾನ್ಯವಾಗುತ್ತವೆ. ಮುಳ್ಳುಸುತ್ತಿಗೆಯಿಂದ ಬಡಿದು ಮುಖದ ತುಂಬ ಚುಕ್ಕಿ ಚುಕ್ಕಿ ಮಾಡಿ, ಅಂಚಿಗೆ ನುಣುಪಾದ ಪಟ್ಟಿ ಬಿಟ್ಟ ಕಲ್ಲು, ಒಂದೇ ಅಳತೆಯ ಸಾಲುಗಳು, ತೆಳುವಾದ ಸಂದು: ಇವು ಬಹುತೇಕ 19ನೆಯ ಶತಮಾನದ ಕೈ. ನಿಮ್ಮ 1862ರ ಬಾಗಿಲಿನ ಸುತ್ತಲ ಕಲ್ಲುಗಳನ್ನು ಹತ್ತಿರದಿಂದ ಚಿತ್ರ ತೆಗೆದುಕೊಳ್ಳಿ, ಆಮೇಲೆ ಪೂರ್ವತುದಿಯ ಕಲ್ಲುಗಳೊಂದಿಗೆ ಹೋಲಿಸಿ. ಎರಡೂ ಒಂದೇ ಬಗೆಯಾದರೆ ನನ್ನ ಮೊದಲ ಊಹೆ ತಪ್ಪು, ಪೂರ್ವತುದಿಯೂ 1862ರದ್ದು. ಬೇರೆ ಬೇರೆಯಾದರೆ ಆ ವರ್ಷದಲ್ಲಿ ನಡೆದದ್ದು ಪಶ್ಚಿಮದ ಮುಂಗೋಡೆಯ ಕೆಲಸ ಮಾತ್ರ.

ಕಪ್ಪು ಪಟ್ಟಿಯನ್ನು ನೀವು ಗಮನಿಸಿದ್ದು ನನಗೆ ಬಹಳ ಸಂತೋಷ ಕೊಟ್ಟಿತು, ಅಲ್ಲಿಯೇ ಹುಟ್ಟಿ ಬೆಳೆದವರೂ ಅದನ್ನು ಹೊಗೆಯ ಕಲೆಯೆಂದು ತಿಳಿದು ಮುಂದೆ ಹೋಗುತ್ತಾರೆ. ಅದಕ್ಕೆ ‘ಲೀತ್ರ್’ ಎಂದು ಹೆಸರು. ಊರಿನ ಮೇಲೆ ನ್ಯಾಯಾಧಿಕಾರವಿದ್ದ ಒಡೆಯನಿಗೆ, ಅಥವಾ ಇಗರ್ಜಿಯ ಪೋಷಕನೆಂಬ ಸ್ಥಾನವಿದ್ದವನಿಗೆ, ಸತ್ತಾಗ ಇಗರ್ಜಿಯ ಗೋಡೆಯ ಸುತ್ತ ಕಪ್ಪು ಶೋಕಪಟ್ಟಿಯನ್ನು ಬಳಿಸಿ ಅದರ ಮೇಲೆ ಅಲ್ಲಲ್ಲಿ ಮನೆತನದ ಗುರಾಣಿಯನ್ನು ಬರೆಸಿಕೊಳ್ಳುವ ಹಕ್ಕಿತ್ತು. ಒಳಗಡೆಯೂ ಬಳಿಸುತ್ತಿದ್ದರು, ಹೊರಗಡೆಯೂ ಬಳಿಸುತ್ತಿದ್ದರು. ಒಬ್ಬನ ಪಟ್ಟಿಯ ಮೇಲೆ ಮುಂದಿನವನ ಪಟ್ಟಿ ಬರುತ್ತಿದ್ದುದರಿಂದ ಒಂದರ ಕೆಳಗೊಂದು ಎರಡು ಮೂರು ಪದರಗಳೂ ಸಿಗುವುದುಂಟು. 1789ರ ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ಒಡೆಯರ ಹಕ್ಕುಗಳು ರದ್ದಾದಾಗ ಈ ಪಟ್ಟಿಗಳನ್ನು ಅಳಿಸಿದರು ಅಥವಾ ಸುಣ್ಣ ಬಳಿದು ಮುಚ್ಚಿದರು, ಸುಣ್ಣ ಉದುರಿದಲ್ಲಿ ಈಗ ಅವು ಮತ್ತೆ ಕಾಣಿಸಿಕೊಳ್ಳುತ್ತಿವೆ. ನಿಮ್ಮ ಪಾಲಿಗೆ ಇದರ ಬೆಲೆ ದೊಡ್ಡದು. ಪಟ್ಟಿ ಇರುವ ಗೋಡೆಯ ಗಾರೆ ಕ್ರಾಂತಿಗಿಂತ ಹಿಂದಿನದು, ಆದ್ದರಿಂದ 1862ರಲ್ಲಿ ಆ ಗೋಡೆಯನ್ನು ಮುಟ್ಟಿಲ್ಲ. ಪಟ್ಟಿ ಎಲ್ಲಿ ಇದ್ದಕ್ಕಿದ್ದಂತೆ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ ಗೋಡೆಯನ್ನೋ ಗಾರೆಯನ್ನೋ ಹೊಸದು ಮಾಡಿದ್ದಾರೆ. ಗುರಾಣಿಯ ಆಕಾರ ಎಲ್ಲಾದರೂ ಮಸುಕಾಗಿ ಉಳಿದಿದ್ದರೆ ಇಳಿಬಿಸಿಲಿನಲ್ಲಿ, ಬೆಳಕು ಗೋಡೆಗೆ ಓರೆಯಾಗಿ ಬೀಳುವಾಗ, ಚಿತ್ರ ತೆಗೆಯಿರಿ.

ಮರದ ಕಂಬಗಳ ಮೊಗಸಾಲೆಯನ್ನು ಬೆರ್ರಿಯಲ್ಲಿಯೂ ಅದರ ಉತ್ತರಕ್ಕಿರುವ ಸೊಲೋಞ್ ಸೀಮೆಯಲ್ಲಿಯೂ ‘ಕಾಕ್ತ್ವಾರ್’ ಎನ್ನುತ್ತಾರೆ, ಹರಟೆ ಹೊಡೆಯುವ ಜಾಗವೆಂದು ಅರ್ಥ. ಬಲಿಪೂಜೆ ಮುಗಿದ ಮೇಲೆ ಊರವರು ಅಲ್ಲಿ ನಿಂತು ಮಾತಾಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಗುಡಿಯ ಜಗಲಿಯ ಮೇಲೆ ನಡೆಯುವುದೂ ಅದೇ ತಾನೆ. ಕಂಬ ತೊಲೆಗಳು ಕೂಡುವಲ್ಲಿ ಬಡಗಿಗಳು ಕೊರೆದ ಜೋಡಣೆಯ ಗುರುತುಗಳನ್ನು ಹುಡುಕಿ. ಅವು ರೋಮನ್ ಅಂಕಿಗಳನ್ನು ಹೋಲುತ್ತವೆ. ಕ್ರಮ ತಪ್ಪಿದ್ದರೆ ಮರವನ್ನು ಬೇರೆಡೆಯಿಂದ ತಂದು ಮತ್ತೆ ಬಳಸಿದ್ದಾರೆಂದು ತಿಳಿಯಬಹುದು.

ಈಗ ಕಾಗದದ ಕಡೆಗೆ ಬರೋಣ, ಈಚಿನದರಿಂದ ಹಿಂದಕ್ಕೆ ಹೋಗುವುದು ಒಳ್ಳೆಯದು. 1862ರಲ್ಲಿ ಹಣ ಕೊಟ್ಟವರು ಯಾರು? 1801ರಲ್ಲಿ ನೆಪೋಲಿಯನ್ನನು ಪೋಪರೊಂದಿಗೆ ಮಾಡಿಕೊಂಡ ಒಪ್ಪಂದದ ನಂತರ ಊರ ಇಗರ್ಜಿಯ ಹಣಕಾಸನ್ನು ‘ಫಾಬ್ರೀಕ್’ ಎಂಬ ಸಮಿತಿ ನೋಡಿಕೊಳ್ಳುತ್ತಿತ್ತು. 1809ರ ಡಿಸೆಂಬರ್ 30ರ ಆಜ್ಞೆ ಅದರ ಕಟ್ಟಲೆಗಳನ್ನು ನಿಗದಿ ಮಾಡಿತು. ಸಮಿತಿಯ ಹಣ ಸಾಲದಿದ್ದಾಗ ಕಮ್ಯೂನ್, ಎಂದರೆ ಅಲ್ಲಿನ ಗ್ರಾಮಾಡಳಿತ, ಕೊರತೆಯನ್ನು ತುಂಬಬೇಕಾಗಿತ್ತು. ಕಮ್ಯೂನ್ ಹಣ ಬಿಚ್ಚಬೇಕಾದರೆ ಜಿಲ್ಲಾಧಿಕಾರಿಯಂತಿರುವ ಪ್ರೀಫೆಕ್ಟ್ ಒಪ್ಪಬೇಕು. ಒಪ್ಪಿಗೆ ಸಿಗಬೇಕಾದರೆ ನಕ್ಷೆ, ಅಂದಾಜುಪಟ್ಟಿ, ಗ್ರಾಮಸಭೆಯ ನಿರ್ಣಯ ಎಲ್ಲವೂ ಬೇಕು. ಈ ಕಡತಗಳು ಇಂದು ಜಿಲ್ಲಾ ಪತ್ರಾಗಾರದ ‘ಓ’ ಶ್ರೇಣಿಯಲ್ಲಿ, ಕಮ್ಯೂನ್‌ಗಳ ಅಕಾರಾದಿ ಕ್ರಮದಲ್ಲಿ, ಇವೆ. ನಿಮ್ಮ ಹಳ್ಳಿ ಆ್ಯಂದ್ರ್ ಜಿಲ್ಲೆಗೆ ಸೇರಿದ್ದಾದರೆ ಆ ಪತ್ರಾಗಾರ ಶಾತೋರೂ ಪಟ್ಟಣದಲ್ಲಿದೆ. 1862ರ ಆಸುಪಾಸಿನ ಕಡತ ಉಳಿದಿದ್ದರೆ ಅದರಲ್ಲಿ ಹೊಸ ಬಾಗಿಲಿನ ಅಂದಾಜಿನ ಜೊತೆಗೆ, ಕೆಡವುವ ಮೊದಲು ಹಳೆಯ ಕಟ್ಟಡ ಹೇಗಿತ್ತೆಂಬ ವಾಸ್ತುಶಿಲ್ಪಿಯ ವರದಿಯೂ ಇರುವುದುಂಟು. ಆ ವರದಿಯೇ ನಿಮಗೆ ಬೇಕಾದದ್ದು. ಗ್ರಾಮಸಭೆಯ ನಿರ್ಣಯಗಳ ಪುಸ್ತಕ ಮಾತ್ರ ಸಾಮಾನ್ಯವಾಗಿ ಮೇಯರ್ ಕಚೇರಿಯ ಬೀರುವಿನಲ್ಲಿಯೇ ಇರುತ್ತದೆ.

ಇನ್ನೊಂದು ಕಡತವಿದೆ, ಅದನ್ನು ಯಾರೂ ಬಿಡಬಾರದು. 1905ರ ಡಿಸೆಂಬರ್ 9ರ ಕಾನೂನು ಧರ್ಮಸಂಸ್ಥೆಯನ್ನೂ ಸರಕಾರವನ್ನೂ ಬೇರ್ಪಡಿಸಿದಾಗ ದೇಶದ ಪ್ರತಿಯೊಂದು ಇಗರ್ಜಿಯ ಸಾಮಾನುಗಳ ಪಟ್ಟಿ ಮಾಡಬೇಕೆಂದು ಆಜ್ಞೆಯಾಯಿತು. 1906ರ ಮೊದಲ ತಿಂಗಳುಗಳಲ್ಲಿ ಅಧಿಕಾರಿಗಳು ಹಳ್ಳಿ ಹಳ್ಳಿಗೆ ಹೋಗಿ ಬಲಿಪೀಠ, ಪ್ರತಿಮೆ, ಬೆಂಚು, ಘಂಟೆ, ದೀಪಸ್ತಂಭ, ವಸ್ತ್ರ ಎಲ್ಲವನ್ನೂ ಬರೆದುಕೊಂಡರು. ಕೆಲವು ಕಡೆ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಉತ್ತರದ ಬೋಶೆಪ್ ಎಂಬ ಹಳ್ಳಿಯಲ್ಲಿ ಮಾರ್ಚ್ 6ರಂದು ಗುಂಡು ಹಾರಿ ಒಬ್ಬ ಭಕ್ತ ಸತ್ತದ್ದರಿಂದ ಆಗಿನ ಮಂತ್ರಿಮಂಡಲವೇ ಬಿದ್ದಿತು. ಇಷ್ಟು ನೋವಿನಲ್ಲಿ ತಯಾರಾದ ಆ ಪಟ್ಟಿಗಳು ಇಂದು ಹಳ್ಳಿಯ ಇಗರ್ಜಿಯೊಂದರ ಒಳಗೆ 1906ರಲ್ಲಿ ಏನಿತ್ತು ಎಂಬುದನ್ನು ಸಾಲು ಸಾಲಾಗಿ ಹೇಳುತ್ತವೆ. ಇವು ಜಿಲ್ಲಾ ಪತ್ರಾಗಾರದಲ್ಲಿ ಹೆಚ್ಚಾಗಿ ‘ವಿ’ ಶ್ರೇಣಿಯಲ್ಲಿ ಸಿಗುತ್ತವೆ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಳಗೆ ನಡೆದರೆ ಯಾವ ಪ್ರತಿಮೆ ಆಮೇಲೆ ಬಂತು, ಯಾವುದು ಕಾಣೆಯಾಯಿತು ಎಂದು ನೀವೇ ಗುರುತಿಸಬಹುದು.

ಕ್ರಾಂತಿಗಿಂತ ಹಿಂದಕ್ಕೆ ಹೋಗುವಾಗ ಮೊದಲು ತೆರೆಯಬೇಕಾದದ್ದು ಊರ ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕ. 1539ರ ವಿಲ್ಲೆರ್-ಕೊತ್ರೆ ರಾಜಾಜ್ಞೆ ದೀಕ್ಷಾಸ್ನಾನಗಳನ್ನು ಬರೆದಿಡಬೇಕೆಂದು ಪಾದ್ರಿಗಳಿಗೆ ವಿಧಿಸಿತು, 1579ರ ಬ್ಲ್ವಾ ರಾಜಾಜ್ಞೆ ಮದುವೆ ಮತ್ತು ಮರಣಗಳನ್ನೂ ಸೇರಿಸಿತು, 1667ರಿಂದ ಎರಡು ಪ್ರತಿ ಬರೆಯುವ ಕಟ್ಟಳೆ ಬಂತು. ಫ್ರಾನ್ಸಿನ ಜಿಲ್ಲಾ ಪತ್ರಾಗಾರಗಳು ಇವುಗಳ ಚಿತ್ರಪ್ರತಿಗಳನ್ನು ಅಂತರ್ಜಾಲದಲ್ಲಿ ಇಟ್ಟಿರುವುದರಿಂದ ಬೆಂಗಳೂರಿನಲ್ಲಿ ಕೂತೇ ಪುಟ ತಿರುವಬಹುದು. ವಂಶಾವಳಿ ಹುಡುಕುವವರು ಹೆಸರುಗಳನ್ನಷ್ಟೇ ನೋಡುತ್ತಾರೆ, ನೀವು ಪುಟದ ಅಂಚನ್ನೂ ವರ್ಷಾಂತ್ಯದ ಖಾಲಿ ಜಾಗವನ್ನೂ ನೋಡಬೇಕು. ಘಂಟೆಗೆ ದೀಕ್ಷೆ ಕೊಟ್ಟ ದಿನ, ಬಿರುಗಾಳಿಗೆ ಶಿಖರ ಉರುಳಿದ್ದು, ಮಾಡಿನ ದುರಸ್ತಿಗೆ ಕೊಟ್ಟ ಹಣ, 1709ರ ಭೀಕರ ಚಳಿಗಾಲದಲ್ಲಿ ಬೆಳೆ ಸತ್ತದ್ದು ಇಂಥವನ್ನು ಬರೆದಿಟ್ಟ ಪಾದ್ರಿಗಳು ಎಷ್ಟೋ ಮಂದಿ. ‘ಇಗರ್ಜಿಯೊಳಗೆ, ಸಂತ ಇಂಥವರ ಪೀಠದ ಮುಂದೆ ಹೂಳಲಾಯಿತು’ ಎಂಬ ಒಂದು ಮರಣದ ಸಾಲಿನಿಂದ ಈಗ ಇಲ್ಲದ ಪೀಠವೊಂದು ಆಗ ಎಲ್ಲಿತ್ತೆಂದು ತಿಳಿಯುತ್ತದೆ. ಇಗರ್ಜಿಯೊಳಗೆ ಹೂಳುವುದನ್ನು 1776ರ ಮಾರ್ಚ್ 10ರ ರಾಜಘೋಷಣೆ ಬಹುಮಟ್ಟಿಗೆ ತಡೆದದ್ದರಿಂದ ನೆಲದಲ್ಲಿರುವ ಸಮಾಧಿಗಲ್ಲುಗಳು ಸಾಧಾರಣವಾಗಿ ಅದಕ್ಕಿಂತ ಹಿಂದಿನವು.

ಘಂಟೆಯ ಮೇಲೆ ಬರಹವಿರುತ್ತದೆ. ನೀವು ಕಾಣದೆ ಹೋದ ‘ಶಾಸನ’ ಬಹುಶಃ ಗೋಪುರದ ಮೇಲೆ ನೇತಾಡುತ್ತಿದೆ. ಎರಕದ ವರ್ಷ, ಘಂಟೆಯ ಹೆಸರು, ಅದರ ಧರ್ಮಪಿತ ಧರ್ಮಮಾತೆಯರ ಹೆಸರು, ಪಾದ್ರಿಯ ಹೆಸರು, ಎರಕ ಹೊಯ್ದವನ ಹೆಸರು ಅದರ ಸುತ್ತ ಉಬ್ಬಕ್ಷರಗಳಲ್ಲಿ ಇರುವುದು ವಾಡಿಕೆ. 1793ರ ಜುಲೈ 23ರ ಆಜ್ಞೆ ಊರಿಗೊಂದು ಘಂಟೆ ಉಳಿಸಿ ಮಿಕ್ಕವನ್ನು ಫಿರಂಗಿ ಎರಕಕ್ಕೆ ಒಯ್ದಿತು, ಆದ್ದರಿಂದ ಹಳೆಯ ಘಂಟೆ ಉಳಿದಿದ್ದರೆ ಸಾಮಾನ್ಯವಾಗಿ ಒಂದೇ ಉಳಿದಿರುತ್ತದೆ. ಹಳೆಯ ಏಣಿಗಳನ್ನು ಹತ್ತುವ ಸಾಹಸ ಮಾತ್ರ ಬೇಡ. ಘಂಟೆಗಳನ್ನು ನೋಡಿಕೊಳ್ಳುವ ಕುಶಲಕರ್ಮಿ ಬಂದಾಗ ಚಿತ್ರ ತೆಗೆಸಿಕೊಡುವಂತೆ ಮೇಯರ್ ಕಚೇರಿಯವರನ್ನು ಕೇಳಿ.

ಇನ್ನೂ ಹಿಂದಕ್ಕೆ, ದಶಾಂಶ ಪಡೆದವರ ಕಡೆಗೆ. ಬಿಷಪ್ಪರ ಆಡಳಿತಕ್ಕೊಳಪಟ್ಟ ಇಗರ್ಜಿಗಳನ್ನೂ ಪ್ರತಿಯೊಂದಕ್ಕೂ ಪಾದ್ರಿಯನ್ನು ಸೂಚಿಸುವ ಹಕ್ಕು ಯಾರದೆಂಬುದನ್ನೂ ಬರೆದ ಹಳೆಯ ಪಟ್ಟಿಗಳನ್ನು ‘ಪುಯ್ಯೆ’ ಎನ್ನುತ್ತಾರೆ. ಬೆರ್ರಿ ಸೀಮೆ ಬೂರ್ಜ್‌ನ ಆರ್ಚ್‌ಬಿಷಪ್ಪರಿಗೆ ಸೇರಿದ್ದು. ಆ ಪಟ್ಟಿಯಲ್ಲಿ ನಿಮ್ಮ ಊರಿನ ಮುಂದೆ ಮಠವೊಂದರ ಹೆಸರಿದ್ದರೆ ಮುಂದಿನ ಹುಡುಕಾಟ ಜಿಲ್ಲಾ ಪತ್ರಾಗಾರದ ‘ಎಚ್’ ಶ್ರೇಣಿಯಲ್ಲಿ, ಏಕೆಂದರೆ ಮಠಗಳ ಕಾಗದಗಳು ಅಲ್ಲಿವೆ. ಬಿಷಪ್ಪರ ಮತ್ತು ಧರ್ಮಮಂಡಳಿಗಳ ಕಾಗದಗಳು ‘ಜಿ’ ಶ್ರೇಣಿಯಲ್ಲಿವೆ. 1789ರ ನವೆಂಬರ್ 2ರಂದು ಧರ್ಮಸಂಸ್ಥೆಯ ಆಸ್ತಿಯೆಲ್ಲ ರಾಷ್ಟ್ರದ ವಶಕ್ಕೆ ಬಂದಾಗ ಆಸ್ತಿಯ ಜೊತೆಗೆ ಅದರ ಪತ್ರಗಳೂ ಬಂದುದರಿಂದಲೇ ಇವು ಸಾರ್ವಜನಿಕ ಪತ್ರಾಗಾರಗಳಲ್ಲಿ ಉಳಿದಿವೆ. ಬಿಷಪ್ಪರು ಅಥವಾ ಅವರ ಪ್ರತಿನಿಧಿ ಊರಿಗೆ ತಪಾಸಣೆಗೆ ಬಂದಾಗ ಬರೆಸಿದ ವರದಿಗಳೂ ‘ಜಿ’ಯಲ್ಲಿರುತ್ತವೆ. ‘ಮಾಡು ಸೋರುತ್ತಿದೆ, ಕಿಟಕಿಗೆ ಗಾಜಿಲ್ಲ, ಪೀಠದ ಚಿತ್ರವನ್ನು ಬದಲಾಯಿಸಬೇಕು’ ಎಂಬಂಥ ಒಣ ಸಾಲುಗಳು ನಮಗೆ ಕಥೆಗಿಂತ ಹೆಚ್ಚು ಉಪಕಾರಿ.

ನಿಮ್ಮ ಊರಿಗೆ ಬಹಳ ಹತ್ತಿರದಲ್ಲಿಯೇ ಇರುವ ಒಂದು ಇಗರ್ಜಿಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಲಾ ಶಾತ್ರ್‌ನಿಂದ ಶಾತೋರೂ ಕಡೆಗೆ ಹೋಗುವ ರಸ್ತೆಯಲ್ಲಿ ನೊಆಂ-ವಿಕ್ ಎಂಬ ಕಮ್ಯೂನ್ ಇದೆ. ಅದರ ಒಂದು ಪಾಲಾದ ವಿಕ್ ಹಳ್ಳಿಯಲ್ಲಿ ಸಂತ ಮಾರ್ಟಿನರದೇ ಇಗರ್ಜಿ. ಹೊರಗಿನಿಂದ ನೋಡಿದರೆ ನೀವು ವರ್ಣಿಸಿದಂಥದೇ ಸಾದಾ ಕಟ್ಟಡ. 1849ರವರೆಗೆ ಅದರ ಬಗ್ಗೆ ಬರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಆ ವರ್ಷ ಅಲ್ಲಿನ ಪಾದ್ರಿಗೆ ಗೋಡೆಯ ಸುಣ್ಣದ ಪದರದಡಿ ಬಣ್ಣ ಕಂಡಿತು. ಸುಣ್ಣವನ್ನು ತೆಗೆಯುತ್ತ ಹೋದಂತೆ 12ನೆಯ ಶತಮಾನದ ಭಿತ್ತಿಚಿತ್ರಗಳು ಗೋಡೆಯ ತುಂಬ ಹೊರಬಂದವು: ಸಿಂಹಾಸನದ ಮೇಲಿನ ಕ್ರಿಸ್ತ, ಕಡೆಯ ಭೋಜನ, ಶಿಷ್ಯರ ಪಾದ ತೊಳೆಯುವ ದೃಶ್ಯ, ಯೂದನ ಮುತ್ತು, ಜೆರುಸಲೇಮಿನ ಪ್ರವೇಶ. ಅವುಗಳ ನಡುವೆ ಸಂತ ಮಾರ್ಟಿನರ ಮರಣದ ಕಥೆಯೂ ಇದೆ. ತೂರ್ ಊರಿನ ಬಿಷಪ್ಪರಾಗಿದ್ದ ಅವರು 397ರಲ್ಲಿ ಲ್ವಾರ್ ನದಿಯ ದಡದ ಕಾಂದ್ ಎಂಬಲ್ಲಿ ತೀರಿಕೊಂಡಾಗ ದೇಹ ತಮಗೆ ಸೇರಬೇಕೆಂದು ಪ್ವಾತಿಯೆ ಊರಿನವರೂ ತೂರ್ ಊರಿನವರೂ ಜಗಳವಾಡಿದರು. ರಾತ್ರಿ ಪ್ವಾತಿಯೆಯವರು ನಿದ್ದೆಹೋದಾಗ ತೂರ್‌ನವರು ದೇಹವನ್ನು ಕಿಟಕಿಯಿಂದ ಇಳಿಸಿ ಒಯ್ದರೆಂಬುದು ಪ್ರತೀತಿ. ಈ ಚಿತ್ರಗಳ ಮುಂದೆ ನಿಂತವರು ಅವುಗಳ ವೇಗವನ್ನು ಮರೆಯಲಾರರು. ಬಾಗಿದ ಕತ್ತುಗಳು, ನೀಳವಾದ ಕೈಗಳು, ಗೋಡೆಯ ಅಂಚಿನವರೆಗೂ ಒಬ್ಬರನ್ನೊಬ್ಬರು ಒತ್ತಿ ನಿಂತ ಜನ, ಗೇರುಮಣ್ಣಿನ ಕೆಂಪು ಹಳದಿಗಳಲ್ಲಿ.

ಪಕ್ಕದ ನೊಆಂನಲ್ಲಿ ವಾಸವಾಗಿದ್ದ ಲೇಖಕಿ ಜಾರ್ಜ್ ಸಾಂಡ್ ಈ ವಿಷಯವನ್ನು ಪ್ರೊಸ್ಪೆರ್ ಮೆರಿಮೆಗೆ ತಿಳಿಸಿದರು. 1834ರಿಂದ ಐತಿಹಾಸಿಕ ಸ್ಮಾರಕಗಳ ಮುಖ್ಯ ಪರಿವೀಕ್ಷಕರಾಗಿದ್ದ ಮೆರಿಮೆಯವರ ಪ್ರಯತ್ನದಿಂದ ಕಟ್ಟಡಕ್ಕೆ ಸರಕಾರದ ರಕ್ಷಣೆ ದೊರೆಯಿತು. ಆ ಇಗರ್ಜಿ ದೆಯೋಲ್ ಮಠಕ್ಕೆ ಸೇರಿತ್ತು. 917ರಲ್ಲಿ ಸ್ಥಾಪನೆಯಾಗಿ ಬೆರ್ರಿಯ ದೊಡ್ಡ ಮಠಗಳಲ್ಲಿ ಒಂದಾಗಿ ಬೆಳೆದ ಆ ಬೆನೆಡಿಕ್ಟೀನ್ ಮಠದ ನೆರಳಿಲ್ಲದೆ ಇಷ್ಟು ಸಣ್ಣ ಊರಿಗೆ ಇಂಥ ಚಿತ್ರಕಾರ ಬಂದದ್ದನ್ನು ವಿವರಿಸುವುದು ಕಷ್ಟ. ಹಣದ ಪ್ರಶ್ನೆ ಇಲ್ಲಿಯೂ ದಾರಿ ತೋರಿಸುತ್ತದೆ. ಉತ್ತರಕ್ಕೆ ಶೆರ್ ಜಿಲ್ಲೆಯ ಬ್ರಿನೆ ಎಂಬ ಹಳ್ಳಿಯ ಇಗರ್ಜಿಯಲ್ಲಿಯೂ 12ನೆಯ ಶತಮಾನದ ಚಿತ್ರಗಳು 20ನೆಯ ಶತಮಾನದ ಆರಂಭದಲ್ಲಿ ಸುಣ್ಣದಡಿಯಿಂದಲೇ ಹೊರಬಂದವು. ಅಲ್ಲಿನ ಕಮಾನಿನ ಒಳಮೈಯಲ್ಲಿ ವರ್ಷದ ಹನ್ನೆರಡು ತಿಂಗಳ ಕೆಲಸಗಳನ್ನು ಬರೆದಿದ್ದಾರೆ.

ನಿಮ್ಮ ಇಗರ್ಜಿಯ ಸುಣ್ಣದಡಿಯಲ್ಲೂ ಚಿತ್ರಗಳಿವೆ ಎಂದು ಆಸೆ ಹುಟ್ಟಿಸುವುದಕ್ಕೆ ಇದನ್ನು ಹೇಳಲಿಲ್ಲ. ದಯವಿಟ್ಟು ಗೋಡೆಯನ್ನು ಉಗುರಿನಿಂದಲೂ ಕೆರೆಯಬೇಡಿ, ಕೆರೆದ ಒಂದು ಅಂಗುಲ ಮತ್ತೆ ಬರುವುದಿಲ್ಲ. ಬಣ್ಣದ ಸುಳಿವು ತಾನಾಗಿ ಉದುರಿದ ಜಾಗದಲ್ಲಿ ಕಂಡರೆ ಚಿತ್ರ ತೆಗೆದು ಮೇಯರ್‌ರಿಗೆ ಕೊಡಿ, ಅವರು ಅದನ್ನು ಪ್ರಾದೇಶಿಕ ಸಂಸ್ಕೃತಿ ಇಲಾಖೆಗೆ ಕಳಿಸಬಹುದು. ಚಿತ್ರಗಳು ಉಳಿದಿರುವ ಸಂಭವ ಹೆಚ್ಚಿರುವುದು ಅಟ್ಟದಲ್ಲಿ. 19ನೆಯ ಶತಮಾನದಲ್ಲಿ ಹಳೆಯ ಮರದ ಮಾಡಿನ ಕೆಳಗೆ ಇಟ್ಟಿಗೆ ಮತ್ತು ಗಾರೆಯ ತೆಳುವಾದ ಕಮಾನುಚಾವಣಿ ಕೂಡಿಸಿದ ಕಡೆಗಳಲ್ಲಿ, ಗೋಡೆಯ ಮೇಲ್ಭಾಗ ಆ ಚಾವಣಿಯ ಮೇಲೆ ಸಿಕ್ಕಿಕೊಂಡು, ಯಾರ ಕೈಗೂ ಸಿಗದೆ, ಹಳೆಯ ಗಾರೆಯೊಂದಿಗೆ ಹಾಗೆಯೇ ಉಳಿಯುತ್ತದೆ. ಮಾಡಿನ ತೊಲೆಗಳಲ್ಲಿ ಮರದ ವರ್ಷಬಳೆಗಳು ಚೆನ್ನಾಗಿ ಉಳಿದಿದ್ದರೆ, ಆ ಮರವನ್ನು ಯಾವ ವರ್ಷ ಕಡಿದರೆಂದು ಪ್ರಯೋಗಾಲಯದವರು ಹೇಳಬಲ್ಲರು.

ಸಂಸ್ಕೃತಿ ಮಂತ್ರಾಲಯದ ಜಾಲತಾಣದಲ್ಲಿ ಮೆರಿಮೆಯ ಹೆಸರನ್ನೇ ಇಟ್ಟಿರುವ ಕಟ್ಟಡಗಳ ಭಂಡಾರದಲ್ಲಿ ನಿಮ್ಮ ಇಗರ್ಜಿ ಸಿಗದೇ ಇದ್ದರೆ ಅದಕ್ಕೆ ಬೆಲೆಯಿಲ್ಲವೆಂದು ತಿಳಿಯಬೇಡಿ. ಅಲ್ಲಿ ಸೇರಿರುವುದು 1913ರ ಡಿಸೆಂಬರ್ 31ರ ಕಾನೂನಿನಂತೆ ರಕ್ಷಣೆ ಪಡೆದ ಕಟ್ಟಡಗಳು ಮತ್ತು 1964ರಲ್ಲಿ ಆಗಿನ ಸಂಸ್ಕೃತಿ ಮಂತ್ರಿ ಆಂದ್ರೆ ಮಾಲ್ರೋ ಹಾಗೂ ಕಲಾಚರಿತ್ರೆಕಾರ ಆಂದ್ರೆ ಶಾಸ್ತೆಲ್ ಆರಂಭಿಸಿದ ರಾಷ್ಟ್ರೀಯ ಸಮೀಕ್ಷೆ ತಲುಪಿದ ಊರುಗಳ ಕಟ್ಟಡಗಳು. ಸಮೀಕ್ಷೆ ಇನ್ನೂ ಎಲ್ಲ ಊರುಗಳನ್ನು ಮುಟ್ಟಿಲ್ಲ. ಕಟ್ಟಡ ಅಲ್ಲಿಲ್ಲದಿದ್ದರೂ ಒಳಗಿನ ಪ್ರತಿಮೆಯೋ ಘಂಟೆಯೋ ರಕ್ಷಣೆ ಪಡೆದಿರಬಹುದು. ಅಂಥ ಚರವಸ್ತುಗಳಿಗೆ ‘ಪಾಲಿಸ್ಸಿ’ ಎಂಬ ಬೇರೆ ಭಂಡಾರವಿದೆ, ಅದರಲ್ಲಿ ಊರಿನ ಹೆಸರು ಕೊಟ್ಟು ನೋಡಿ. 19ನೆಯ ಶತಮಾನದ ಸ್ಥಳೀಯ ವಿದ್ವತ್‌ಸಂಘಗಳ ಸಂಚಿಕೆಗಳು ರಾಷ್ಟ್ರೀಯ ಗ್ರಂಥಾಲಯದ ‘ಗಲ್ಲಿಕಾ’ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹುಡುಕುವಾಗ ಊರಿನ ಇಂದಿನ ಹೆಸರಿನ ಜೊತೆಗೆ ಹಳೆಯ ಹೆಸರನ್ನೂ ಕೊಡಿ. ನೊಆಂ-ವಿಕ್‌ನಂತೆ ಎರಡು ಊರುಗಳು ಸೇರಿ ಒಂದಾದ ಕಡೆ ಹಳೆಯ ಕಡತ ಹಳೆಯ ಹೆಸರಿನಲ್ಲಿಯೇ ಇರುತ್ತದೆ. 1807ರ ಕಾನೂನಿನಂತೆ ತಯಾರಾದ ಭೂಕಂದಾಯದ ನಕ್ಷೆಯಲ್ಲಿ ಇಗರ್ಜಿಯ ತಳವಿನ್ಯಾಸ ಬರೆದಿರುತ್ತದೆ. ಅದು 1862ಕ್ಕಿಂತ ಹಿಂದಿನದಾದುದರಿಂದ ನಿಮಗೆ ಬಹಳ ಅಮೂಲ್ಯ. ನಕ್ಷೆಯಲ್ಲಿ ಅರ್ಧವೃತ್ತದ ತುದಿ ಆಗಲೇ ಇದ್ದರೆ, ಮೊಗಸಾಲೆಯೂ ಇದ್ದರೆ, ನಿಮ್ಮ ಪ್ರಶ್ನೆಯ ಅರ್ಧಕ್ಕೆ ಒಂದು ಸಂಜೆಯಲ್ಲಿ ಉತ್ತರ ಸಿಕ್ಕಂತೆ.

ಹೊರಡುವ ಮೊದಲು ಮೇಯರ್ ಕಚೇರಿಗೆ ಒಂದು ಪತ್ರ ಬರೆಯಿರಿ, ಮಗಳಿಂದ ಫ್ರೆಂಚಿನಲ್ಲಿ ಬರೆಸಿ. 1905ಕ್ಕಿಂತ ಮೊದಲು ಕಟ್ಟಿದ ಊರ ಇಗರ್ಜಿಯ ಒಡೆತನ ಇಂದು ಸಾಮಾನ್ಯವಾಗಿ ಕಮ್ಯೂನ್‌ನದೇ, ಪಾದ್ರಿಗೆ ಇರುವುದು ಪೂಜೆಗಾಗಿ ಬಳಸುವ ಹಕ್ಕು. ಆದ್ದರಿಂದ ಅಟ್ಟ ಹತ್ತಲು ಮೇಯರ್‌ರ ಒಪ್ಪಿಗೆ ಬೇಕು, ಪೀಠದ ಭಾಗದಲ್ಲಿ ಚಿತ್ರ ತೆಗೆಯುವ ಮುನ್ನ ಪಾದ್ರಿಯನ್ನೂ ಕೇಳುವುದು ಮರ್ಯಾದೆ. ಕೀಲಿಕೈ ಎದುರು ಮನೆಯ ಹಿರಿಯರೊಬ್ಬರ ಬಳಿ ಇರುವುದು ಅಲ್ಲಿನ ಹಳ್ಳಿಗಳಲ್ಲಿ ಸಾಮಾನ್ಯ. ಅಂಥವರು ಸಿಕ್ಕರೆ ಅವಸರ ಮಾಡದೆ ಕೂತು ಮಾತಾಡಿ: ಮಾಡನ್ನು ಯಾವಾಗ ಬದಲಾಯಿಸಿದರು, ಕಲ್ಲನ್ನು ಯಾವ ಗಣಿಯಿಂದ ತಂದರು, ಅವರ ಬಾಲ್ಯದಲ್ಲಿ ಇದ್ದು ಈಗ ಇಲ್ಲದ್ದೇನು ಎಂದು ಕೇಳಿ, ಹೇಳಿದವರ ಒಪ್ಪಿಗೆ ಪಡೆದು ದಿನಾಂಕದೊಡನೆ ಬರೆದಿಟ್ಟುಕೊಳ್ಳಿ. ಭೂಕಂದಾಯದ ನಕ್ಷೆ, 1862ರ ಸುತ್ತಲಿನ ‘ಓ’ ಕಡತ, 1906ರ ಪಟ್ಟಿ ಈ ಮೂರರ ಚಿತ್ರಪ್ರತಿಗಳು ಕೈಗೆ ಬಂದ ಮೇಲೆ ಪೂರ್ವತುದಿಯ ಮತ್ತು ಬಾಗಿಲಿನ ಕಲ್ಲುಗಳ ಚಿತ್ರಗಳೊಂದಿಗೆ ನನಗೆ ಮತ್ತೆ ಬರೆಯಿರಿ. ಕಪ್ಪು ಪಟ್ಟಿ ಯಾವ ಗೋಡೆಯಲ್ಲಿ ಎಲ್ಲಿಯವರೆಗೆ ಇದೆ ಎಂಬುದನ್ನು ಒಂದು ಕೈನಕ್ಷೆಯಲ್ಲಿ ಗುರುತಿಸಿ ಕಳಿಸಿದರೆ ನಾವಿಬ್ಬರೂ ಅಲ್ಲಿಂದ ಮುಂದುವರಿಯಬಹುದು.